ಕಂಬಳಿಯೊಳಗಿನ ಕಂಪು

ವೆನಿಲ್ಲಾ ಎಂದ ಕೂಡಲೇ ನಿಮ್ಮ ಕಣ್ಣಿಗೆ ಬರುವ ಬಣ್ಣ ಯಾವುದು? ಬಿಳಿ ಎನ್ನುತ್ತೀರಿ, ನನಗೆ ಗೊತ್ತು. ಮದುವೆಮನೆಯ ಊಟದ ಕೊನೆಗೆ ಪುಟ್ಟ ಬಟ್ಟಲಲ್ಲಿ ಬರುವ ಐಸ್‌ಕ್ರೀಮು ಬಿಳಿ. ಮಕ್ಕಳ ಹುಟ್ಟುಹಬ್ಬದ ಕೇಕಿಗೆ ನಾವು ಎರಡು ಹನಿ ಬಿಡುವ ಎಸೆನ್ಸಿನ ಬಾಟಲಿಯ ಮೇಲೆ ಇರುವ ಹೂವೂ ಬಿಳಿ. ನಿಜವಾದ ವೆನಿಲ್ಲಾ ಮಾತ್ರ ಕಪ್ಪು. ಹಳೆಯ ಹುಣಸೆಹಣ್ಣಿನ ಹಾಗೆ ಕಪ್ಪು, ಎಣ್ಣೆ ಸವರಿದ ಹಾಗೆ ಹೊಳಪು, ಬೆರಳಿಗೆ ಸುತ್ತಿದರೂ ಮುರಿಯದಷ್ಟು ಮೆದು. ಅದನ್ನು ಹಾಗೆ ಕಪ್ಪಾಗಿಸಲು ಒಂದು ಮನೆಯ ಹೆಂಗಸರು ಮೂರು-ನಾಲ್ಕು ತಿಂಗಳು ಕಾಯಬೇಕು.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. 2000ದ ಈಚೆಗೆ ಅಡಿಕೆಯ ದರ ಬಿದ್ದು ಎಲ್ಲರ ಮುಖವೂ ಬಾಡಿದ್ದ ಕಾಲದಲ್ಲಿ ಈ ಬಳ್ಳಿ ನಮ್ಮ ಊರಿಗೆ ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ದೂರದ ಮಡಗಾಸ್ಕರ್ ದ್ವೀಪದಲ್ಲಿ ಚಂಡಮಾರುತ ಬೀಸಿ ವೆನಿಲ್ಲಾ ತೋಟಗಳು ನೆಲ ಕಚ್ಚಿದ್ದವಂತೆ. ಲೋಕಕ್ಕೆಲ್ಲ ವೆನಿಲ್ಲಾ ಕೊಡುವ ಊರು ಅದು. ಅಲ್ಲಿ ಗಾಳಿ ಬೀಸಿದರೆ ಇಲ್ಲಿ ದರ ಏರುತ್ತದೆ ಎಂಬ ವಿದ್ಯೆ ನಮಗೆ ಆಗ ಗೊತ್ತಾಯಿತು. ಬಳ್ಳಿಯ ತುಂಡುಗಳನ್ನೇ ಮೀಟರ್ ಲೆಕ್ಕದಲ್ಲಿ, ಸೀರೆ ಬಟ್ಟೆಯ ಹಾಗೆ ಅಳೆದು ಮಾರುತ್ತಿದ್ದರು. ನಮ್ಮ ಮನೆಯವರೂ ಸೊಸೈಟಿಯಲ್ಲಿ ಸಾಲ ತೆಗೆದು ತಂದು, ಗ್ಲಿರಿಸಿಡಿಯಾ ಗೂಟಗಳಿಗೆ ಹಬ್ಬಿಸಿದರು.

ಬಳ್ಳಿ ನೆಟ್ಟವರು ಗಂಡಸರು. ಹೂ ಬಿಟ್ಟ ಮೇಲಿನ ಕೆಲಸ ನಮ್ಮ ಪಾಲಿಗೆ ಬಂತು. ವೆನಿಲ್ಲಾದ ಹೂವು ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿದ್ದರೂ ನಡುವೆ ಒಂದು ತೆಳುವಾದ ಪರದೆ. ಹಿಡಿಕಡ್ಡಿಯ ಸಪೂರ ಚೂರಿನಿಂದ ಆ ಪರದೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಆಯಿತು. ನಮ್ಮ ಕಡೆ ಇದಕ್ಕೆ ‘ಮದುವೆ ಮಾಡಿಸುವುದು’ ಎಂದೇ ಹೆಸರು. ಕೈ ಪಳಗಿದವರು ಒಂದು ಬೆಳಗ್ಗೆ ಸಾವಿರ, ಸಾವಿರದ ಐನೂರು ಮದುವೆ ಮಾಡಿಸುತ್ತಾರೆ. ಆಗೆಲ್ಲ ನಮ್ಮ ಮನೆಯ ಬೆಳಗಿನ ದೋಸೆ ಹತ್ತೂವರೆಗೆ ಆಗುತ್ತಿತ್ತು.

ಈ ಉಪಾಯವನ್ನು ಕಂಡುಹಿಡಿದವನು ಒಬ್ಬ ಹನ್ನೆರಡು ವರ್ಷದ ಹುಡುಗ. ಬಳ್ಳಿಯ ತವರು ಮೆಕ್ಸಿಕೊ. ಅಲ್ಲಿಂದ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ತಂದು ನೆಟ್ಟಾಗ ಬಳ್ಳಿ ಸೊಂಪಾಗಿ ಹಬ್ಬಿತು, ಹೂವನ್ನೂ ಬಿಟ್ಟಿತು, ಕಾಯಿ ಮಾತ್ರ ಕಚ್ಚಲಿಲ್ಲ. 1841ರಲ್ಲಿ ಆ ದ್ವೀಪದ ತೋಟವೊಂದರಲ್ಲಿ ಜೀತದಾಳಾಗಿದ್ದ ಎಡ್ಮಂಡ್ ಎಂಬ ಕರಿಯ ಹುಡುಗ ಕಡ್ಡಿಯಿಂದಲೂ ಹೆಬ್ಬೆರಳಿನಿಂದಲೂ ಅದನ್ನು ಸಾಧಿಸಿ ತೋರಿಸಿದ. ದ್ವೀಪದ ಧಣಿಗಳು ಅದರಿಂದ ಶ್ರೀಮಂತರಾದರು. 1848ರಲ್ಲಿ ಗುಲಾಮಗಿರಿ ಹೋದಾಗ ಅವನಿಗೆ ಬಿಡುಗಡೆ ಸಿಕ್ಕಿತು, ಅಲ್ಬಿಯಸ್ ಎಂಬ ಮನೆತನದ ಹೆಸರೂ ಸಿಕ್ಕಿತು. ಹಣ ಮಾತ್ರ ಸಿಗಲಿಲ್ಲ. 1880ರಲ್ಲಿ ಬಡವನಾಗಿಯೇ ಸತ್ತ. ಈ ಕತೆ ಓದಿದ ದಿನ ನನ್ನ ಹೆಬ್ಬೆರಳನ್ನು ನಾನೇ ಒಮ್ಮೆ ನೋಡಿಕೊಂಡೆ.

ನಮ್ಮ ಮೊದಲ ಫಸಲು ಬಂದದ್ದು 2003ರ ಕೊನೆಗೆ. ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿಗೂ ಮೇಲೆ. ಕಳ್ಳರ ಹೆದರಿಕೆಗೆ ಗಂಡಸರು ಬ್ಯಾಟರಿ ಹಿಡಿದು ರಾತ್ರಿಯೆಲ್ಲ ತೋಟ ಕಾದರು. ಹದಿನೆಂಟು ಕಿಲೋ ಆಯಿತು. ವ್ಯಾಪಾರಿ ಮನೆ ಬಾಗಿಲಿಗೇ ಬಂದು ತೂಗಿ, ಎಣಿಸಿ ಕೊಟ್ಟು ಹೋದ. ಹಣ ಸಾಲಕ್ಕೆ, ಮಾಡಿನ ಹಂಚಿಗೆ, ಪಂಪ್‌ಸೆಟ್ಟಿಗೆ ಹೋಯಿತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಮಾಡು ಸೋರಿದರೆ ನೆನೆಯುವವರಲ್ಲಿ ನಾನೂ ಒಬ್ಬಳಲ್ಲವೇ? ಆದರೆ ದರ ಎಷ್ಟು, ಯಾರಿಗೆ ಕೊಡುವುದು, ಯಾವಾಗ ಕೊಡುವುದು ಎಂಬ ಮಾತೆಲ್ಲ ಜಗಲಿಯಲ್ಲೇ ನಡೆದು ಅಲ್ಲೇ ಮುಗಿಯಿತು. ಒಳಗಿನಿಂದ ನಾವು ಕಳಿಸಿದ್ದು ಚಹಾ.

ಮರುವರ್ಷ, 2004ರ ಡಿಸೆಂಬರಿನಲ್ಲಿ, ಅರವತ್ತು ಕಿಲೋ ಬಂತು. ವ್ಯಾಪಾರಿ ಬರಲಿಲ್ಲ. ಮಡಗಾಸ್ಕರ್‌ನಲ್ಲಿ ಬೆಳೆ ಚೆನ್ನಾಗಿ ಬಂದಿತ್ತು. ಐಸ್‌ಕ್ರೀಮಿನ ದೊಡ್ಡ ಕಂಪನಿಗಳು ಕಾರ್ಖಾನೆಯ ವೆನಿಲಿನ್‌ಗೆ ತಿರುಗಿಕೊಂಡಿದ್ದವು. ಆ ಕೃತಕ ಪರಿಮಳವೇನೂ ಹೊಸದಲ್ಲ. 1874ರಲ್ಲೇ ಜರ್ಮನಿಯ ರಸಾಯನ ಶಾಸ್ತ್ರಜ್ಞರು ಸೂಚಿಪರ್ಣ ಮರದ ರಸದಿಂದ ಅದನ್ನು ತಯಾರಿಸಿದ್ದರು. ನಮ್ಮ ಮನೆಯವರು ಪೇಟೆಗೆ ನಾಲ್ಕು ಸಲ ಹೋಗಿ ಬಂದರು. ಕೊನೆಗೆ ಹೇಳಿದ ದರ ಹಿಂದಿನ ವರ್ಷದ ಹತ್ತನೇ ಒಂದು ಭಾಗವೂ ಇರಲಿಲ್ಲ. ಕೊಯ್ದ ಹಸಿ ಕೋಡನ್ನು ಹೆಚ್ಚು ದಿನ ಇಡುವ ಹಾಗಿಲ್ಲ, ಒಂದು ವಾರದೊಳಗೆ ಏನಾದರೂ ಮಾಡಲೇಬೇಕು. ಇದು ವ್ಯಾಪಾರಿಗೂ ಗೊತ್ತು. ಕಾಯಲಾರದವನ ಮಾಲಿಗೆ ಕಾಯಬಲ್ಲವನು ಹೇಳಿದ್ದೇ ದರ.

“ತಿಪ್ಪೆಗೆ ಹಾಕಿಬಿಡುತ್ತೇನೆ” ಎಂದರು ಇವರು. ಅತ್ತೆಯವರು ಅಡಿಗೆಮನೆಯಿಂದಲೇ, “ಮಿಡಿಗೆ ದರ ಇಲ್ಲೆ ಅಂದ್ರೆ ಮಿಡಿ ಚೆಲ್ತ್ವನೋ? ಉಪ್ಪಿಗೆ ಹಾಕ್ತು” ಎಂದರು.

ನಮಗೆ ದಾರಿ ಹೊಳೆದದ್ದು ಅಲ್ಲಿಂದ. ಸಾಂಬಾರ ಮಂಡಳಿಯ ಒಂದು ಪುಟ್ಟ ಪುಸ್ತಕ ಮನೆಯಲ್ಲಿತ್ತು. ಕೋಡನ್ನು ಹದ ಮಾಡುವ ಕ್ರಮ ಅದರಲ್ಲಿತ್ತು. ಮೆಕ್ಸಿಕೊದ ಟೊಟೊನಾಕ್ ಜನ ಶತಮಾನಗಳಿಂದ ಮಾಡುತ್ತ ಬಂದದ್ದು, ರಿಯೂನಿಯನ್‌ನವರು ಬಿಸಿನೀರು ಸೇರಿಸಿ ಮಾರ್ಪಡಿಸಿದ್ದು. ಅದನ್ನು ಓದುತ್ತ ಹೋದಂತೆ ಇದು ಕಾರ್ಖಾನೆಯ ವಿದ್ಯೆಯಲ್ಲ, ನಮ್ಮ ಅಡಿಗೆಮನೆಯದೇ ಎನಿಸಿತು.

ಕೋಡಿನ ತುದಿ ಸ್ವಲ್ಪ ಹಳದಿಯಾದಾಗ ಕೊಯ್ದಿರಬೇಕು. ಹೂವಿನಿಂದ ಅಲ್ಲಿಗೆ ಸುಮಾರು ಒಂಬತ್ತು ತಿಂಗಳು, ನಮ್ಮ ಬಸುರಿನಷ್ಟೇ. ಆಗ ಮೂಸಿ ನೋಡಿದರೆ ಎಳೆ ಹುರುಳಿಕಾಯಿಯ ವಾಸನೆ, ಅಷ್ಟೇ. ಕಂಪು ಕೋಡಿನೊಳಗೆ ಸಕ್ಕರೆಯ ಜೊತೆ ಗಂಟು ಹಾಕಿಕೊಂಡು ಕೂತಿರುತ್ತದೆ. ಕೋಡಿನಲ್ಲೇ ಇರುವ ಒಂದು ಕಿಣ್ವ ಆ ಗಂಟನ್ನು ಬಿಚ್ಚಬೇಕು. ದೋಸೆ ಹಿಟ್ಟನ್ನು ಉಬ್ಬಿಸುವುದು ಕಣ್ಣಿಗೆ ಕಾಣದ ಜೀವಿಗಳು. ಇಲ್ಲಿ ಮುಖ್ಯವಾಗಿ ದುಡಿಯುವುದು ಕೋಡಿನದೇ ಕಿಣ್ವ. ಆದರೆ ಎರಡಕ್ಕೂ ಬೇಕಾದದ್ದು ಒಂದೇ: ಬೆಚ್ಚಗಿನ ಜಾಗ ಮತ್ತು ಸಮಯ.

ಮೊದಲು ಕೋಡುಗಳನ್ನು ಬಿದಿರಿನ ಬುಟ್ಟಿಯಲ್ಲಿಟ್ಟು 63ರಿಂದ 65 ಡಿಗ್ರಿ ಬಿಸಿಯ ನೀರಿನಲ್ಲಿ ಮೂರು ನಿಮಿಷ ಅದ್ದಬೇಕು. ಇದಕ್ಕೆ ಪುಸ್ತಕದಲ್ಲಿ ‘ಕೊಲ್ಲುವುದು’ ಎಂಬ ಕ್ರೂರ ಹೆಸರಿತ್ತು. ಕೋಡು ಬೆಳೆಯುವುದು ಅಲ್ಲಿಗೆ ನಿಲ್ಲುತ್ತದೆ, ಬದಲಾಗುವುದು ಶುರುವಾಗುತ್ತದೆ. ನೀರು ಮರಳಿದರೆ ಕಿಣ್ವವೂ ಸತ್ತು ಎಲ್ಲ ಕೆಟ್ಟಿತು. ನಾನು ಥರ್ಮಾಮೀಟರ್ ಹಿಡಿದು ನಿಂತಿದ್ದರೆ, ಅತ್ತೆಯವರು ತುದಿಬೆರಳು ಅದ್ದಿ ತಟ್ಟನೆ ಹಿಂದೆಳೆದು, “ಈಗ ಆತು” ಎನ್ನುತ್ತಿದ್ದರು. ನೋಡಿದರೆ ಪಾದರಸ 64ರಲ್ಲಿ ನಿಂತಿರುತ್ತಿತ್ತು.

ಬಿಸಿ ಆರುವ ಮೊದಲೇ ನೀರು ಬಸಿದು, ಕೋಡುಗಳನ್ನು ಉಣ್ಣೆಯ ಕಂಬಳಿಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು. ಒಂದೆರಡು ದಿನ ಅವು ಅಲ್ಲಿ ಬೆವರುತ್ತವೆ. ಆಮೇಲೆ ತೆರೆದರೆ ಹಸಿರು ಹೋಗಿ ಚಾಕೊಲೇಟಿನ ಕಂದು ಬಂದಿರುತ್ತದೆ. ಅಲ್ಲಿಂದ ಮುಂದೆ ಒಂದು ವಾರ, ಹತ್ತು ದಿನ, ಪ್ರತಿದಿನ ಮಧ್ಯಾಹ್ನ ಒಂದೆರಡು ತಾಸು ಬಿಸಿಲು. ಬಿಸಿ ಇರುವಾಗಲೇ ಮತ್ತೆ ಸುತ್ತಿ ಪೆಟ್ಟಿಗೆಯೊಳಗೆ. ಹಗಲು ಬಿಸಿಲಿಗೆ ಹಾಕಿ ಸಂಜೆ ಒಳಗೆ ತರುವ ಕೆಲಸ ಹಪ್ಪಳ-ಸಂಡಿಗೆ ಮಾಡುವ ಯಾವ ಹೆಂಗಸಿಗೆ ಹೊಸದು? ಕಾಗೆಯ ಕಾಟವೊಂದು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಬಿಸಿಲಿನ ಪಾಳಿ ಮುಗಿದ ಮೇಲೆ ಗಾಳಿಯಾಡುವ ಕೋಣೆಯಲ್ಲಿ ಚಾಪೆಯ ಮೇಲೆ ಎರಡು-ಮೂರು ವಾರ ನೆರಳು. ಆಗ ದಿನಾ ಒಂದೊಂದೇ ಕೋಡನ್ನು ಮುಟ್ಟಿ ನೋಡಬೇಕು. ಬೂಸ್ಟು ಬಂದ ಒಂದನ್ನು ಬಿಟ್ಟರೆ ಪಕ್ಕದ ಹತ್ತು ಹಾಳು. ಕೋಡನ್ನು ಬೆರಳುಗಳ ನಡುವೆ ನೀವಿ ನೇರ ಮಾಡುತ್ತ ಕೂತರೆ ಒಳಗಿನ ಎಣ್ಣೆ ಸಮನಾಗಿ ಹರಡುತ್ತದೆ. ಸಂಜೆ ಅತ್ತೆ, ನಾನು, ನನ್ನ ಮಗಳು ಸುತ್ತ ಕೂತು ಮಾತಾಡುತ್ತ ನೀವುತ್ತಿದ್ದೆವು. ಕೊನೆಗೆ ಉದ್ದ ನೋಡಿ ವಿಂಗಡಿಸಿ, ಕಟ್ಟು ಕಟ್ಟಿ, ಬೆಣ್ಣೆ ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಎರಡು-ಮೂರು ತಿಂಗಳು ಇಟ್ಟರೆ ಕಂಪು ಪೂರ್ತಿಯಾಗುತ್ತದೆ. ಫಾಲ್ಗುಣದ ಹೊತ್ತಿಗೆ ನಮ್ಮ ಮಾಳಿಗೆಯ ಮೆಟ್ಟಿಲು ಹತ್ತಿದರೆ ಸಾಕು, ಬೆಲ್ಲ, ಹಳೆಯ ಮರ, ಹಾಲುಕೆನೆ ಎಲ್ಲ ಕೂಡಿದಂಥ ಒಂದು ಪರಿಮಳ. ಬಾಟಲಿಯ ಎಸೆನ್ಸಿಗೆ ಅದರ ಮುಖ ಮಾತ್ರ ಗೊತ್ತು, ಮೈ ಗೊತ್ತಿಲ್ಲ. ಹದವಾದ ಕೋಡಿನಲ್ಲಿ ವೆನಿಲಿನ್ ಇರುವುದು ನೂರಕ್ಕೆ ಎರಡು ಪಾಲಿನಷ್ಟು. ಅದರ ಜೊತೆಗೆ ಇನ್ನೂ ನೂರಾರು ಬಗೆಯ ಸುವಾಸನೆಗಳು ಇರುತ್ತವೆ.

ಅರವತ್ತು ಕಿಲೋ ಹಸಿ ಕೋಡು ಹನ್ನೊಂದು ಕಿಲೋಗೆ ಇಳಿಯಿತು. ಐದಾರು ಕಿಲೋಗೆ ಒಂದು ಕಿಲೋ, ಅದು ಎಲ್ಲ ಕಡೆಯ ಲೆಕ್ಕ. “ಇಷ್ಟು ದುಡಿದು ಇಷ್ಟೇಯೋ” ಎಂದು ಇವರು ನಕ್ಕರು. ನಾನು ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಆ ಕೀಲಿಯ ವಿಷಯವನ್ನೇ ನಾನು ಹೇಳಬೇಕೆಂದು ಇಷ್ಟೆಲ್ಲ ಬರೆದದ್ದು. 2005ರಲ್ಲಿ ಹಸಿ ಕೋಡಿನ ದರ ಇನ್ನೂ ಕುಸಿದು ಊರಿನವರೆಲ್ಲ ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತಿದ್ದಾಗ ನನ್ನ ಹನ್ನೊಂದು ಕಿಲೋ ಮಾಳಿಗೆಯಲ್ಲಿ ಸುಮ್ಮನೆ ಕೂತಿತ್ತು. ಅದಕ್ಕೆ ಯಾರ ಅವಸರವೂ ಇರಲಿಲ್ಲ. ಹದವಾಗಿ ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡದು. ಬೆಂಗಳೂರಿನ ಒಂದು ಬೇಕರಿಗೆ ಕಾಲು ಕಿಲೋ, ತಂಗಿಯ ಮನೆಯ ಕೆಳಗಿನ ಐಸ್‌ಕ್ರೀಮಿನ ಅಂಗಡಿಗೆ ಅರ್ಧ ಕಿಲೋ, ನೆಂಟರಿಷ್ಟರಿಗೆ ಸಣ್ಣ ಗಾಜಿನ ನಳಿಗೆಯಲ್ಲಿ ಎರಡೆರಡು ಕೋಡು. ಹೀಗೆ ಮೂರು ವರ್ಷ ಮಾರಿದೆ. ದರ ಒಪ್ಪದವರಿಗೆ “ಇನ್ನೊಮ್ಮೆ ನೋಡೋಣ” ಎಂದೆ. ನನ್ನ ಜೀವಮಾನದಲ್ಲಿ ಒಬ್ಬ ಗಿರಾಕಿಗೆ ಹಾಗೆ ಹೇಳಿದ್ದು ಅದೇ ಮೊದಲು. ಹಣ ದೊಡ್ಡದೇನಲ್ಲ. ಮಗಳ ಒಂದು ವರ್ಷದ ಹಾಸ್ಟೆಲ್ಲಿಗೆ ಸಾಕಾಯಿತು, ನನ್ನ ಹೆಸರಿನ ಪಾಸ್‌ಬುಕ್ಕಿನಲ್ಲಿ ಸ್ವಲ್ಪ ಉಳಿಯಿತು. ಬಳ್ಳಿಗಳನ್ನು ಕೀಳುವಾಗ ಕೊಟ್ಟಿಗೆಯ ಹಿಂದಿನ ಮೂವತ್ತನ್ನು ನನಗೆ ಬಿಡಿ ಎಂದೆ. ಇವರು ಬಿಟ್ಟರು.

ಉಪ್ಪಿಗೆ ಹಾಕಿದ ಮಿಡಿ, ಒಣಗಿಸಿದ ಹಲಸಿನ ಹಪ್ಪಳ, ಭರಣಿಯ ತುಪ್ಪ, ಇವೆಲ್ಲ ನಾಲಿಗೆಯ ರುಚಿಗಾಗಿ ಎಂದು ನಾನು ತಿಳಿದಿದ್ದೆ. ಹಸಿಯದು ಅಂದಂದಿನ ದರಕ್ಕೆ ತಲೆ ಬಾಗಿಸಲೇಬೇಕು. ಹದ ಮಾಡಿಟ್ಟದ್ದು ಮುಂದಿನ ತಿಂಗಳಿಗೆ, ಮುಂದಿನ ವರ್ಷಕ್ಕೆ ಕಾಯಬಲ್ಲದು. ಕೈಯಲ್ಲಿ ಕಾಸು ಆಡದ ಹೆಂಗಸರು ತಲೆಮಾರುಗಳಿಂದ ಮಾಳಿಗೆಯಲ್ಲಿ ಭರಣಿ ತುಂಬಿಸಿಟ್ಟದ್ದು ಈ ಬಲಕ್ಕಾಗಿಯೇ ಇರಬೇಕು. ಅತ್ತೆಯವರು ಅದನ್ನು ಇಷ್ಟು ಉದ್ದ ಮಾಡಿ ಹೇಳಲಿಲ್ಲ. ಮಿಡಿಯ ಮಾತೊಂದನ್ನು ಆಡಿ ಒಲೆಯ ಕಡೆ ತಿರುಗಿದ್ದರು.

2017ರ ಮಾರ್ಚಿನಲ್ಲಿ ಮಡಗಾಸ್ಕರ್‌ಗೆ ಮತ್ತೆ ಚಂಡಮಾರುತ ಬಡಿದು ವೆನಿಲ್ಲಾದ ದರ ಆಕಾಶಕ್ಕೆ ಹೋಯಿತು. ಬಳ್ಳಿ ಕಿತ್ತವರೆಲ್ಲ ನನ್ನ ಕೊಟ್ಟಿಗೆಯ ಹಿಂದೆ ಬಂದು ತುಂಡು ಕೇಳಿದರು. ನಮ್ಮ ಮನೆಯವರಿಗೂ ಆಸೆ ಹುಟ್ಟಿತು. ಆದರೆ ಈ ಸಲ ಅವರು ಸೊಸೈಟಿಗೆ ಹೋಗುವ ಮೊದಲು ಒಳಗೆ ಬಂದು, “ನಿನಗೆ ಎಷ್ಟು ಬಳ್ಳಿ ಸುಧಾರಿಸಬಹುದು?” ಎಂದು ಕೇಳಿದರು.

“ಐವತ್ತು. ಪೆಟ್ಟಿಗೆ ಹಿಡಿಯುವಷ್ಟು” ಎಂದೆ.

ಐವತ್ತೇ ಇವೆ. 2023ರ ಈಚೆಗೆ ದರ ಮತ್ತೆ ಇಳಿಯಿತು. ಊರಿನಲ್ಲಿ ಮತ್ತೆ ಕೆಲವರು ಕಿತ್ತರು. ಅತ್ತೆಯವರು ಈಗಿಲ್ಲ. ನೀರಿನ ಹದ ನೋಡಲು ನನಗೆ ಥರ್ಮಾಮೀಟರೇ ಬೇಕು, ಮಗಳಿಗೆ ಬೇಡವಂತೆ. ಅವಳು ರಜೆಗೆ ಬಂದರೆ ಬೆರಳು ಅದ್ದಿ, ಹಿಂದೆಳೆದು, “ಆತು” ಎನ್ನುತ್ತಾಳೆ.