ಒಪ್ಪದ ಗೆಳೆಯನಿಗೊಂದು ಕಾಗದ

ಗುರುಮಠದ ದಿನಗಳಲ್ಲಿ ನಾವು ಜಿ. ಕೆ. ಚೆಸ್ಟರ್‌ಟನ್ ಅವರ ಬರಹಗಳನ್ನು ಬಹಳ ಮೆಚ್ಚಿ ಓದುತ್ತಿದ್ದೆವು. ಅಸ್ಸಿಸಿಯ ಸಂತ ಫ್ರಾನ್ಸಿಸರನ್ನೂ ಸಂತ ತೋಮಸ್ ಅಕ್ವಿನಾಸರನ್ನೂ ಕುರಿತ ಅವರ ಕೃತಿಗಳು ಕೈಯಿಂದ ಕೈಗೆ ಸಾಗುತ್ತಿದ್ದವು. ಆದರೆ ಅವರ ಬದುಕಿನ ಒಂದು ಸ್ನೇಹ ಕಲಿಸುವ ಪಾಠವನ್ನು ನಾನು ಐವತ್ತು ದಾಟಿದ ಮೇಲೆ ಕಲಿಯುತ್ತಿದ್ದೇನೆ.

ಆ ಸ್ನೇಹ ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾ ಅವರೊಂದಿಗಿನದು. ಷಾ ಸಮಾಜವಾದಿ. ಭೂಮಿ, ಗಣಿ, ಕಾರ್ಖಾನೆಗಳು ಸಮಾಜದ ಒಡೆತನಕ್ಕೆ ಬರಬೇಕು, ಎಲ್ಲರ ವರಮಾನ ಸಮವಾಗಬೇಕು ಎಂದು ವಾದಿಸಿದವರು. ಚೆಸ್ಟರ್‌ಟನ್ 1922ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದವರು. ಆಸ್ತಿಯು ಕೆಲವೇ ಧನಿಕರ ಕೈಯಲ್ಲಾಗಲಿ ಸರಕಾರದ ಕೈಯಲ್ಲಾಗಲಿ ಸೇರಿಕೊಳ್ಳಬಾರದು, ಸಾಮಾನ್ಯ ಕುಟುಂಬಗಳಿಗೆ ಹಂಚಿಹೋಗಬೇಕು ಎಂಬುದು ಅವರ ನಿಲುವು.

ಪತ್ರಿಕೆಗಳಲ್ಲಿಯೂ ವೇದಿಕೆಗಳಲ್ಲಿಯೂ ಇವರಿಬ್ಬರ ವಾಗ್ವಾದ ದಶಕಗಳ ಕಾಲ ನಡೆಯಿತು. 1909ರಲ್ಲಿ ಚೆಸ್ಟರ್‌ಟನ್ ಷಾ ಅವರನ್ನು ಕುರಿತೇ ಒಂದು ಪುಸ್ತಕ ಬರೆದರು. ತಾನು ಷಾ ಅವರನ್ನು ಅರಿತವನು, ಆದರೂ ಒಪ್ಪದವನು ಎಂಬುದು ಅದರ ಮುನ್ನುಡಿಯ ಭಾವ. ಆ ಪುಸ್ತಕವನ್ನು ವಿಮರ್ಶಿಸಿದವರು ಸ್ವತಃ ಷಾ! 1927ರಲ್ಲಿ ಲಂಡನ್ನಿನಲ್ಲಿ ಹಿಲೇರ್ ಬೆಲ್ಲಕ್ ಅವರ ಅಧ್ಯಕ್ಷತೆಯಲ್ಲಿ ಇಬ್ಬರೂ ಬಹಿರಂಗ ಚರ್ಚೆಗೆ ನಿಂತರು. ನಾವು ಒಮ್ಮತದವರೇ ಎಂಬುದೇ ಅಂದಿನ ಪ್ರಶ್ನೆ. ಚರ್ಚೆಯಿಂದ ಯಾರೂ ತಮ್ಮ ಪಕ್ಷ ಬದಲಿಸಲಿಲ್ಲ, ಸ್ನೇಹವೂ ಕದಲಲಿಲ್ಲ.

1936ರ ಜೂನ್ 14ರಂದು ಚೆಸ್ಟರ್‌ಟನ್ ತೀರಿಕೊಂಡರು. ಷಾ ಕೂಡಲೇ ಅವರ ಪತ್ನಿ ಫ್ರಾನ್ಸಿಸ್ ಅವರಿಗೆ ಕಾಗದ ಬರೆದರು. ಹದಿನೆಂಟು ವರ್ಷ ಹಿರಿಯನಾದ ತಾನು ಉಳಿದು ಕಿರಿಯನು ಹೋದನಲ್ಲಾ ಎಂದು ಮರುಗಿದರು. ಹಣಕಾಸಿನ ತೊಂದರೆ ಏನಾದರೂ ಇದ್ದರೆ ಒಂದು ಕಾರ್ಡಿನಲ್ಲಿ ಒಂದೇ ಸಾಲು ಬರೆದರೂ ಸಾಕು ಎಂದು ತಿಳಿಸಿದರು.

ಈ ಸಂಗತಿಯನ್ನು ಇತ್ತೀಚೆಗೆ ಮತ್ತೆ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಗುರುಮಠದಲ್ಲಿ ನನಗೊಬ್ಬ ಆಪ್ತ ಸಹಪಾಠಿಯಿದ್ದ. ಮುಂದೆ ಅವನು ಬೇರೆ ದಾರಿ ಹಿಡಿದು ಬರಹಗಾರನಾದ. ಒಂದು ಚುನಾವಣೆಯ ಸಮಯದಲ್ಲಿ ನಮ್ಮಿಬ್ಬರ ನಡುವೆ ಮಾತು ಬೆಳೆಯಿತು, ಅನಂತರ ನಿಂತೇಹೋಯಿತು. ಅವನ ತಾಯಿ ತೀರಿಕೊಂಡ ಸುದ್ದಿ ತಿಳಿದಾಗಲೂ ನಾನು ಹೋಗಲಿಲ್ಲ. ಧರ್ಮಕೇಂದ್ರದ ಹಬ್ಬದ ಸಿದ್ಧತೆ ನನಗೆ ನೆಪವಾಯಿತು. ರಜೆ ಮುಗಿಸಿ ಅವನು ಗುರುಮಠಕ್ಕೆ ಮರಳುವಾಗಲೆಲ್ಲ ಆ ತಾಯಿ ಚಕ್ಕುಲಿಯ ಎರಡು ಪೊಟ್ಟಣ ಕಟ್ಟಿಕೊಡುತ್ತಿದ್ದರು: ಒಂದು ಮಗನಿಗೆ, ಇನ್ನೊಂದು ನನಗೆ. ದೇವರನ್ನು ನಂಬದ ಷಾ ಇಟ್ಟುಕೊಂಡಿದ್ದ ಋಣಪ್ರಜ್ಞೆಯನ್ನು ಬಲಿಪೂಜೆ ಅರ್ಪಿಸುವ ನಾನು ಇಟ್ಟುಕೊಂಡಿರಲಿಲ್ಲ.

ಯೇಸುಸ್ವಾಮಿ ಆರಿಸಿಕೊಂಡ ಹನ್ನೆರಡು ಮಂದಿಯಲ್ಲಿ ರೋಮನ್ ಆಡಳಿತದ ಕಾಲದ ಸುಂಕದವನಾದ ಮತ್ತಾಯನೂ ಇದ್ದ, ದೇಶಾಭಿಮಾನಿ ಎನಿಸಿಕೊಂಡ ಸಿಮೋನನೂ ಇದ್ದ. ಸ್ವಾಮಿ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು.

ಸತ್ಯವೆಂದು ನಂಬಿದ್ದನ್ನು ಸ್ನೇಹಕ್ಕಾಗಿ ಬಿಟ್ಟುಕೊಡಬೇಕಾಗಿಲ್ಲ. ಚೆಸ್ಟರ್‌ಟನ್ ಬಿಡಲಿಲ್ಲ, ಷಾ ಕೂಡ ಬಿಡಲಿಲ್ಲ. ಆದರೆ ಎದುರಾಳಿಯ ಮಾತನ್ನು ಅರಿಯುವ ತಾಳ್ಮೆಯೂ, ಅವನ ಮನೆಯಲ್ಲಿ ಸಾವಾದಾಗ ಅಲ್ಲಿ ನಿಲ್ಲುವ ಮನಸ್ಸೂ ನಮ್ಮಲ್ಲಿರಬೇಕು. ಮತದಾನ ಮುಗಿದು ವರ್ಷಗಳಾದರೂ ಮಾತುಬಿಟ್ಟಿರುವ ಅಣ್ಣತಮ್ಮಂದಿರು ನಮ್ಮ ಕುಟುಂಬಗಳಲ್ಲಿಯೂ ಇಲ್ಲವೇ?

ಕಳೆದ ವಾರ ಆ ತಾಯಿಯ ಆತ್ಮಶಾಂತಿಗಾಗಿ ಪೂಜೆ ಅರ್ಪಿಸಿ ಗೆಳೆಯನಿಗೆ ಒಂದು ಕಾಗದ ಬರೆದೆ. ಕ್ಷಮೆ ಕೇಳಿದೆ, ಚಕ್ಕುಲಿಯನ್ನು ನೆನೆದೆ. ರಾಜಕೀಯದ ಮಾತು ಎತ್ತಲಿಲ್ಲ. ಅದನ್ನು ಎದುರುಬದುರು ಕುಳಿತೇ ಆಡಬೇಕು. ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೆ ನಾನೇ ಹೋಗುತ್ತೇನೆ.