ಮೊದಲು ಅವರನ್ನು ಕೇಳಿ

ಪ್ರಿಯ ಮಿತ್ರರೇ,

ನಿಮ್ಮ ಪತ್ರ ತಲುಪಿತು. ನಿಮ್ಮ ಕಾರ್ಖಾನೆಯ ಸುರಕ್ಷತಾ ಸಮಿತಿಯ ಸಭೆಗೆ ಕಾರ್ಮಿಕರು ಬರುತ್ತಾರೆ, ಸಹಿ ಹಾಕುತ್ತಾರೆ, ಟೀ ಕುಡಿದು ಹೋಗುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ ಎಂದು ಬೇಸರಪಟ್ಟುಕೊಂಡಿದ್ದೀರಿ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅವರಿಗೆ ಆಸಕ್ತಿಯೇ ಇಲ್ಲ ಎಂಬ ಮಾತನ್ನು ಒಪ್ಪಲಾರೆ. ತನ್ನ ಕೈಬೆರಳು ಉಳಿಯಲಿ ಎಂಬ ಆಸೆ ಯಾರಿಗಿರುವುದಿಲ್ಲ?

ಪೀಣ್ಯದಂಥ ಕಡೆಯ ಪವರ್ ಪ್ರೆಸ್ ಶೆಡ್‌ಗಳು ನಿಮಗೆ ಹೊಸವಲ್ಲ. ಎರಡೂ ಕೈಯಲ್ಲಿ ಎರಡು ಬಟನ್ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು, ಆಗ ಕೈ ಡೈ ಒಳಗೆ ಸಿಕ್ಕುವುದಿಲ್ಲ. ಆದರೆ ಎಷ್ಟೋ ಕಡೆ ಒಂದು ಬಟನ್ನಿಗೆ ಟೇಪ್ ಸುತ್ತಿರುತ್ತಾರೆ, ಇಲ್ಲವೇ ಸಂದಿಗೆ ಮರದ ಚೂರು ಸಿಕ್ಕಿಸಿರುತ್ತಾರೆ. ಸೂಪರ್‌ವೈಸರ್ ಬೈದು ಟೇಪ್ ಕೀಳಿಸುತ್ತಾರೆ, ಮೆಮೊ ಕೊಡುತ್ತಾರೆ. ಮಾರನೆಯ ದಿನ ಮತ್ತೆ ಟೇಪ್! ‘ಯಾಕಪ್ಪಾ ಹೀಗೆ ಮಾಡ್ತೀಯ?’ ಎಂದು ಪಕ್ಕದಲ್ಲಿ ನಿಂತು ಸಮಾಧಾನವಾಗಿ ಕೇಳಿ ನೋಡಿ, ಕಾರಣ ಹೇಳುತ್ತಾರೆ. ಬಟನ್ ಎತ್ತರದಲ್ಲಿದೆ, ಸಂಜೆಯ ಹೊತ್ತಿಗೆ ಭುಜ ಎತ್ತಲಾಗುವುದಿಲ್ಲ. ಪೀಸ್ ಡೈಗೆ ಅಂಟಿಕೊಳ್ಳುತ್ತದೆ, ಆಗಾಗ ಕೈ ಹಾಕಿ ಕೀಳದಿದ್ದರೆ ಟಾರ್ಗೆಟ್ ಮುಟ್ಟುವುದಿಲ್ಲ. ಕಾರಣ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಡೈಯಿಂದ ಇರಬೇಕಾದ ದೂರ ಕೆಡದಂತೆ ಬಟನ್ ಇಳಿಸಬಹುದು, ಪೀಸ್ ತಾನಾಗಿ ಹೊರಬೀಳುವ ವ್ಯವಸ್ಥೆ ಮಾಡಬಹುದು. ಟಾರ್ಗೆಟ್ ವಿಚಾರ ಇದಕ್ಕಿಂತ ಕಷ್ಟದ್ದು. ಅದನ್ನು ಪ್ರೊಡಕ್ಷನ್‌ನವರ ಎದುರು ಎತ್ತುವ ಧೈರ್ಯ ನಿಮಗೇ ಬರಬೇಕು, ಆಪರೇಟರ್‌ಗೆ ಆ ಶಕ್ತಿಯಿಲ್ಲ.

ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳ ಕಷ್ಟ ಬೇರೆ. ಲೈನ್ ಬಿಟ್ಟು ಎದ್ದರೆ ಪೀಸ್ ರಾಶಿ ಬೀಳುತ್ತದೆಂದು ಎಷ್ಟೋ ಜನ ನೀರನ್ನೇ ಕಡಿಮೆ ಕುಡಿಯುತ್ತಾರೆ, ಮೂತ್ರದ ಸೋಂಕಿನಿಂದ ನರಳುತ್ತಾರೆ. ಇದು ಯಾವ ಅಪಘಾತ ರಿಜಿಸ್ಟರ್‌ನಲ್ಲೂ ಬರುವುದಿಲ್ಲ. ಗಂಡಸರೇ ತುಂಬಿದ ಸಭೆಯಲ್ಲಿ ಅವರು ಇದನ್ನು ಹೇಳುವುದಾದರೂ ಹೇಗೆ? ಹೆಂಗಸರೇ ಸೇರಿ, ಹೆಂಗಸೊಬ್ಬರೇ ನಡೆಸುವ ಸಭೆ ಬೇರೆ ಇರಲಿ.

ಕಾರ್ಮಿಕರ ಮಾತು ಕೇಳುವುದು ನಾವು ತೋರಿಸುವ ದೊಡ್ಡತನವಲ್ಲ, ಪ್ರಾಣದ ಪ್ರಶ್ನೆ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1981ರ ಡಿಸೆಂಬರ್‌ನಲ್ಲೇ ಫಾಸ್ಜೀನ್ ಎಂಬ ವಿಷಾನಿಲ ತಗುಲಿ ಕಾರ್ಮಿಕರೊಬ್ಬರು ತೀರಿಕೊಂಡಿದ್ದರು. ಅಪಾಯವಿದೆ ಎಂದು ಅಲ್ಲಿನ ಕಾರ್ಮಿಕರು ಆಗಲೇ ಕೂಗಿ ಹೇಳಿದ್ದರು. ಯಾರೂ ಕಿವಿಗೊಡಲಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ವಿಷಾನಿಲ ಸೋರಿ ಏನಾಯಿತೆಂದು ನಿಮಗೆ ಗೊತ್ತು. ಅದಾದ ಮೇಲೆಯೇ 1948ರ ಕಾರ್ಖಾನೆಗಳ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ಬಂತು. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಲ್ಲಿ ಆಡಳಿತದವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಬೇಕೆಂದು 41ಜಿ ಕಲಮು ಹೇಳಿತು. ಸದ್ಯದಲ್ಲೇ ಅಪಾಯ ಕಾದಿದೆ ಎನಿಸಿದರೆ ಎಚ್ಚರಿಸುವ ಹಕ್ಕನ್ನು 41ಎಚ್ ಕೊಟ್ಟಿತು. ಕೆಲಸದ ಸ್ಥಳದ ಸುರಕ್ಷತೆಯ 2020ರ ಸಂಹಿತೆ ಕೂಡ ಸಮಿತಿಯಲ್ಲಿ ಕಾರ್ಮಿಕರ ಸಂಖ್ಯೆ ಮಾಲೀಕರ ಕಡೆಯವರಿಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಇಷ್ಟು ಬರಲು ಸಾವಿರಾರು ಜನ ಪ್ರಾಣ ತೆರಬೇಕಾಯಿತು.

ಮಾರ್ಚ್ 4ರ ಸುರಕ್ಷತಾ ದಿನಕ್ಕೆ ಬ್ಯಾಡ್ಜ್, ಪ್ರತಿಜ್ಞೆ, ಘೋಷಣೆ ಸ್ಪರ್ಧೆ ಎಲ್ಲ ಇರಲಿ, ಬೇಡವೆನ್ನುವುದಿಲ್ಲ. ಆದರೆ ಜನ ಬಾಯಿ ಬಿಡುವುದು ಬಹುಮಾನಕ್ಕಲ್ಲ, ಹೇಳಿದ್ದು ನಡೆಯುತ್ತದೆ ಎಂಬ ನಂಬಿಕೆಗೆ. ಮೆಟ್ಟಿಲ ಬಳಿ ಎಣ್ಣೆ ಸೋರುತ್ತಿದೆ ಎಂದು ಹೆಲ್ಪರ್ ಹುಡುಗ ಹೇಳಿದರೆ ಆ ವಾರವೇ ಸರಿಮಾಡಿಸಿ, ಹೇಳಿದವನಿಗೆ ತೋರಿಸಿ. ಆಗದ ಕೆಲಸವಾದರೆ ಏಕೆ ಆಗದೆಂದು ಮುಖ ಕೊಟ್ಟು ತಿಳಿಸಿ. ಕೂದಲೆಳೆಯಲ್ಲಿ ತಪ್ಪಿದ ಅಪಘಾತವನ್ನು ತಾನಾಗಿ ಬಂದು ಹೇಳಿದವನಿಗೆ ನೋಟಿಸ್ ಕೊಟ್ಟಿರೋ, ಇನ್ನು ಯಾರೂ ನಿಮ್ಮ ಹತ್ತಿರ ಸುಳಿಯುವುದಿಲ್ಲ. ಸಭೆ ಊಟದ ಬಿಡುವಿನಲ್ಲಿ ಬೇಡ. ಶಿಫ್ಟ್ ಒಳಗೇ ನಡೆಯಲಿ, ಆ ಹೊತ್ತಿಗೂ ಸಂಬಳ ಸಿಗಲಿ.

ಇನ್ನೊಂದು ಮಾತು. ನೀವು ಕಳಿಸಿದ ಸಮಿತಿಯ ಪಟ್ಟಿಯಲ್ಲಿ ಕಾಂಟ್ರಾಕ್ಟ್ ಕಾರ್ಮಿಕರ ಹೆಸರು ಒಂದೂ ಇಲ್ಲ. ಟ್ಯಾಂಕ್ ಒಳಗೆ ಇಳಿಯುವವರು, ಚಾವಣಿಯ ಶೀಟ್ ಮೇಲೆ ಹತ್ತುವವರು ಹೆಚ್ಚಾಗಿ ಅವರೇ ಅಲ್ಲವೇ? ಒಡಿಶಾ, ಬಿಹಾರದಿಂದ ಬಂದವರಿಗೆ ಕನ್ನಡದ ಬೋರ್ಡು ಓದಲು ಬರುವುದಿಲ್ಲ. ಮುಂದಿನ ಸಭೆಗೆ ಅವರಲ್ಲಿ ಇಬ್ಬರನ್ನಾದರೂ ಕರೆಯಿರಿ, ಅವರ ಭಾಷೆ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿ. ಅವರು ಏನೆಂದರೆಂದು ನನಗೂ ಬರೆಯಿರಿ.

ನಿಮ್ಮ ಗೆಳೆಯ