ಚಿನ್ನದ ನಲ್ಲಿಗೆ ಅತ್ತವಳು

ನೀಲಿಗಡ್ಡದ ಶ್ರೀಮಂತನ ಕಥೆಯನ್ನು ಯಾವುದಾದರೊಂದು ರೂಪದಲ್ಲಿ ನೀವು ಕೇಳಿರುತ್ತೀರಿ. ಹೊಸ ಹೆಂಡತಿಯ ಕೈಗೆ ಮನೆಯ ಬೀಗದ ಕೈಗಳನ್ನೆಲ್ಲ ಕೊಟ್ಟು, ಒಂದು ಕೋಣೆ ಮಾತ್ರ ತೆರೆಯಬೇಡ ಎಂದು ಹೇಳಿ ಅವನು ಪ್ರಯಾಣ ಹೊರಡುತ್ತಾನೆ. ಅವಳು ತೆರೆಯುತ್ತಾಳೆ. ಒಳಗೆ ಹಿಂದಿನ ಹೆಂಡತಿಯರ ಹೆಣಗಳು. ಕೈಜಾರಿ ಬಿದ್ದ ಬೀಗದ ಕೈಗೆ ಹತ್ತಿದ ರಕ್ತ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಗಂಡ ಕೊಲ್ಲಲು ಬರುವ ಹೊತ್ತಿಗೆ ಅವಳ ಸೋದರರು ಕುದುರೆಯೇರಿ ಬಂದು ಅವನನ್ನು ಮುಗಿಸುತ್ತಾರೆ. 1697ರಲ್ಲಿ ಇದನ್ನು ಅಚ್ಚು ಹಾಕಿಸಿದ ಫ್ರಾನ್ಸಿನ ಶಾರ್ಲ್ ಪೆರೋ ಕೊನೆಗೆ ಎರಡು ನೀತಿಪದ್ಯ ಅಂಟಿಸಿದ. ಹೆಂಗಸರ ಕುತೂಹಲ ದುಬಾರಿ ಎಂಬುದು ಒಂದು. ಇಂಥ ಗಂಡಂದಿರು ಈಗೆಲ್ಲಿದ್ದಾರೆ, ಅದೆಲ್ಲ ಹಳೇ ಕಾಲದ ಮಾತು ಎಂಬುದು ಇನ್ನೊಂದು. ಹೆಣಗಳನ್ನು ಸಾಲಾಗಿ ತೋರಿಸಿದ ಮೇಲೂ ಬಾಗಿಲು ತೆರೆದವಳನ್ನು ಬೈಯಲು ಎಂಥ ಧೈರ್ಯ ಬೇಕು!

ಪೆರೋನ ಕಥೆಗಳನ್ನು 1977ರಲ್ಲಿ ಇಂಗ್ಲಿಷಿಗೆ ತಂದ ಏಂಜೆಲಾ ಕಾರ್ಟರ್, ಎರಡು ವರ್ಷದ ನಂತರ ‘ದಿ ಬ್ಲಡಿ ಚೇಂಬರ್’ ಸಂಕಲನದಲ್ಲಿ ಅವನ್ನು ತನ್ನದೇ ರೀತಿಯಲ್ಲಿ ಹೇಳಿದಳು. ಶೀರ್ಷಿಕೆಯ ಕಥೆಯೇ ನೀಲಿಗಡ್ಡನದು. ಸಮುದ್ರದ ಉಬ್ಬರ ಬಂದಾಗ ದಡದಿಂದ ಕಡಿದುಹೋಗುವ ಕೋಟೆ, ಪಿಯಾನೋ ನುಡಿಸುವ ಹದಿನೇಳರ ಬಡ ಹುಡುಗಿ, ಅವಳ ಕೊರಳಿಗೆ ಬಿಗಿಯಾಗಿ ಕೂತ ಕೆಂಪುಹರಳಿನ ಪಟ್ಟಿ. ಸುಗಂಧ ತುಸು ಹೆಚ್ಚೇ ಆಯಿತು ಅನ್ನಿಸುವಷ್ಟು ದಟ್ಟವಾದ ಗದ್ಯ. ಆದರೆ ಕಥೆ ನನ್ನನ್ನು ಹಿಡಿದದ್ದು ಈ ಅಲಂಕಾರದಿಂದಲ್ಲ. ಕಾರ್ಟರಳ ಕಥೆಯಲ್ಲಿ ಕುದುರೆಯೇರಿ ಬರುವುದು ಸೋದರರಲ್ಲ, ಅಮ್ಮ. ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಏರುತ್ತಿರುವ ನೀರಿನಲ್ಲೇ ಕುದುರೆ ಓಡಿಸಿ, ಸತ್ತ ಗಂಡನ ರಿವಾಲ್ವರಿನಿಂದ ಅಳಿಯನ ತಲೆಗೆ ಒಂದೇ ಗುಂಡು.

ಅಮ್ಮನಿಗೆ ಹೇಗೆ ಗೊತ್ತಾಯಿತು? ಗಂಡ ಹೊರಟ ಮೇಲೆ ಹುಡುಗಿ ಮನೆಗೆ ಫೋನ್ ಮಾಡಿ, ಮಾತಿನ ನಡುವೆ ಅತ್ತುಬಿಡುತ್ತಾಳೆ. ಯಾಕೆ ಎಂದರೆ ಸ್ನಾನದ ಮನೆಯಲ್ಲಿ ಚಿನ್ನದ ನಲ್ಲಿಗಳಿವೆ ಎನ್ನುತ್ತಾಳೆ. ಅಮ್ಮ ಫೋನಿಟ್ಟವಳೇ ರೈಲು ಹಿಡಿಯುತ್ತಾಳೆ. ಗಮನಿಸಿ, ಆಗ ಹುಡುಗಿ ಆ ಕೋಣೆಯ ಬಾಗಿಲನ್ನೇ ತೆರೆದಿಲ್ಲ. ಅವಳಿಗೇ ಗೊತ್ತಿಲ್ಲದ್ದನ್ನು ಅಮ್ಮ ಕೇಳಿಸಿಕೊಂಡಿದ್ದಾಳೆ.

ಇಲ್ಲಿ ನನಗೆ ನಮ್ಮ ‘ಕೆರೆಗೆ ಹಾರ’ ನೆನಪಾಗದೆ ಇರಲಿಲ್ಲ. ತನ್ನನ್ನು ಕೆರೆಗೆ ಬಲಿ ಕೊಡುತ್ತಾರೆ ಎಂದು ಗೊತ್ತಾದ ಭಾಗೀರಥಿ ತವರಿಗೆ ಹೋಗುತ್ತಾಳೆ. ಕಣ್ಣಲ್ಲಿ ನೀರೇಕೆ ಎಂದು ಅಪ್ಪ ಕೇಳಿದರೆ, ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಎಂದು ನೆವ ಹೇಳುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ಕೊಡಿಸುತ್ತೇನೆ ಎನ್ನುತ್ತಾನೆ ಅಪ್ಪ. ಕೆಟ್ಟವನಲ್ಲ, ಉದಾರಿಯೇ. ಆದರೆ ಅವನು ಉತ್ತರ ಕೊಟ್ಟದ್ದು ನೆವಕ್ಕೆ, ಅಳುವಿಗಲ್ಲ. ಅವಳು ನಿಜ ಹೇಳುವುದು ಗೆಳತಿಗೆ ಮಾತ್ರ, ಆ ಗೆಳತಿಯೂ ಹೊಂದಿಕೊಂಡಿರು ಎನ್ನುತ್ತಾಳೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕುದುರೆಯೇರಿ ಬರುವ ಹೊತ್ತಿಗೆ ಕೆರೆ ತುಂಬಿರುತ್ತದೆ.

ನಮ್ಮ ಮನೆಯಲ್ಲೂ ಒಂದು ಚಿನ್ನದ ನಲ್ಲಿ ಇತ್ತು. ಮದುವೆಯಾಗಿ ದೂರದ ಊರಿಗೆ ಹೋದ ಅಕ್ಕ ಪ್ರತಿ ಭಾನುವಾರ ಫೋನ್ ಮಾಡಿ ‘ಆರಾಮಿದೀನಿ’ ಅನ್ನುತ್ತಿದ್ದಳು. ಒಂದು ಭಾನುವಾರ ಬೇಳೆಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕಮ್ಮಾ ಎಂದು ಕೇಳಿದಳು. ಎಂಟನೇ ಕ್ಲಾಸಿನಿಂದ ಸಾರು ಮಾಡುತ್ತಿದ್ದವಳು! ಅಮ್ಮ ನಿಂಬೆಹಣ್ಣಿನ ಗಾತ್ರ ಎಂದು ಹೇಳಿ ಫೋನಿಟ್ಟು, ಅಂದೇ ರಾತ್ರಿ ಬಸ್ಸು ಹತ್ತಿದಳು. ನಾಲ್ಕನೇ ದಿನ ಇಬ್ಬರೂ ಒಂದು ಸೂಟ್‌ಕೇಸಿನೊಂದಿಗೆ ಬಂದರು. ಆಮೇಲೆ ಶುರುವಾಯಿತು ನೆಂಟರ ವಿಚಾರಣೆ. ಹೊಡೆದನಾ? ಇಲ್ಲ. ಕುಡೀತಾನಾ? ಇಲ್ಲ. ವರದಕ್ಷಿಣೆ? ಅದೂ ಇಲ್ಲ. ಮತ್ತೇನು? ಅಕ್ಕನ ಹತ್ತಿರ ತೋರಿಸಲು ರಕ್ತ ಹತ್ತಿದ ಬೀಗದ ಕೈ ಇರಲಿಲ್ಲ. ಒಳಗೆ ಹೆಣ ಕಂಡರೆ ಮಾತ್ರ ಅದು ಕೆಟ್ಟ ಕೋಣೆ ಎಂದು ನಂಬುವವರು ಪೆರೋನ ಕಾಲದಲ್ಲಿ ಮಾತ್ರ ಇದ್ದವರಲ್ಲ. ಅಮ್ಮ ಅವರಿಗೆಲ್ಲ ಕಾಫಿ ಕೊಟ್ಟಳು, ಉತ್ತರ ಕೊಡಲಿಲ್ಲ.

ಹಾಗೆಂದು ಕಾರ್ಟರಳ ಅಮ್ಮನ ಬಗ್ಗೆ ನನಗೆ ತಕರಾರು ಇಲ್ಲವೆಂದಲ್ಲ. ಅವಳು ವಸಾಹತಿನ ತೋಟದ ಮಾಲೀಕನ ಮಗಳು. ಹನೋಯಿ ಬಳಿಯ ಗುಡ್ಡಗಳಲ್ಲಿ ಹದಿನೆಂಟರ ವಯಸ್ಸಿಗೇ ನರಭಕ್ಷಕ ಹುಲಿ ಹೊಡೆದವಳು. ಕುದುರೆ, ಬಂದೂಕು, ಗುರಿ ಎಲ್ಲ ಅವಳಿಗೆ ಅಲ್ಲಿಂದಲೇ ಬಂದದ್ದು. ಭಾಗೀರಥಿಯ ತಾಯಿಗೆ ಅವು ಎಲ್ಲಿಂದ ಬರಬೇಕು? ಆದರೆ ಆ ಬಿಳಿಯ ಅಮ್ಮನನ್ನು ರೈಲು ಹತ್ತಿಸಿದ್ದು ಹುಲಿ ಹೊಡೆದ ಕೈಯಲ್ಲ, ಕಿವಿ.

ಪೆರೋನ ವಿಧವೆ ಗಂಡನ ಹಣದಲ್ಲಿ ಅಕ್ಕನ ಮದುವೆ ಮಾಡಿ, ಸೋದರರಿಗೆ ಸೈನ್ಯದಲ್ಲಿ ಹುದ್ದೆ ಕೊಳ್ಳುತ್ತಾಳೆ, ತಾನೂ ಒಳ್ಳೆಯವನೊಬ್ಬನನ್ನು ಮದುವೆಯಾಗಿ ಹಳೆಯದನ್ನೆಲ್ಲ ಮರೆಯುತ್ತಾಳೆ. ಕಾರ್ಟರಳ ಹುಡುಗಿ ಹಣದಲ್ಲಿ ಹೆಚ್ಚಿನದನ್ನು ದಾನ ಮಾಡಿ, ಪ್ಯಾರಿಸಿನ ಅಂಚಿನಲ್ಲಿ ಪುಟ್ಟ ಸಂಗೀತಶಾಲೆ ನಡೆಸುತ್ತಾಳೆ. ಜೊತೆಗೆ ಅಮ್ಮ, ಮತ್ತು ಪಿಯಾನೋ ಶ್ರುತಿ ಮಾಡುತ್ತಿದ್ದ ಕುರುಡ ಯುವಕ. ಗಂಡ ಅವಳ ಹಣೆಗೆ ಒತ್ತಿದ ಬೀಗದ ಕೈಯ ಕೆಂಪು ಗುರುತು ಮಾತ್ರ ಯಾವ ಪೌಡರಿಗೂ ಮುಚ್ಚುವುದಿಲ್ಲ. ಅದು ಆ ಯುವಕನಿಗೆ ಕಾಣದು ಎಂದು ಅವಳಿಗೆ ಸಮಾಧಾನ. ಅಮ್ಮನಿಗಂತೂ ಕಾಣುತ್ತಲೇ ಇರುತ್ತದೆ, ದಿನವೂ.